ಸತ್ಯಾಂಶ: ಟ್ರಂಪ್ ಫೋಟೊ ಬಳಸಿದರೆ ಶೇ 5 ಕಟ್ಟಬೇಕೇ?

"ಟ್ರಂಪ್ ಫೋಟೊ ಬಳಸುವ ಅಭ್ಯರ್ಥಿಗಳು ಶೇ 5 ಹಣ ಅವರ ಜೇಬಿಗೆ ಹಾಕಬೇಕು, ಅಮೆರಿಕದಲ್ಲಿ ಕಾನೂನೇ ಬಂದಿದೆ" ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ.

ಅಂಥ ಕಾನೂನು ಬಂದಿಲ್ಲ. 2024ರ ಏಪ್ರಿಲ್‌ನಲ್ಲಿ ಟ್ರಂಪ್ ಪ್ರಚಾರ ತಂಡ, ಆನ್‌ಲೈನ್‌ನಲ್ಲಿ ದೇಣಿಗೆ ಎತ್ತಿಕೊಡುವ ಕಂಪನಿಗಳಿಗೆ ಒಂದು ಪತ್ರ ಬರೆಯಿತು. ದೇಣಿಗೆ ಕೇಳುವಾಗ ಟ್ರಂಪ್ ಹೆಸರು, ಚಿತ್ರ ಬಳಸುವ ಅಭ್ಯರ್ಥಿಗಳು ಬಂದ ದೇಣಿಗೆಯಲ್ಲಿ ಕನಿಷ್ಠ ಶೇ 5 ಪಾಲು ಕೊಡಬೇಕು ಎಂಬ ಕೋರಿಕೆ ಅದು. ಆ ಪಾಲು ಹೋಗಬೇಕಿದ್ದುದು ಟ್ರಂಪ್ ಜೇಬಿಗಲ್ಲ, ಅವರ ಪರ ಹಣ ಸಂಗ್ರಹಿಸುವ ಚುನಾವಣಾ ನಿಧಿ ಸಮಿತಿಗೆ. ಅದರ ಲೆಕ್ಕವನ್ನು ಅಲ್ಲಿನ ಚುನಾವಣಾ ಆಯೋಗಕ್ಕೆ ಕೊಡಲೇಬೇಕು.

ಹಾಗಂತ ಸುಮ್ನೆ ಕೋರಿಕೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಶೇ 5ಕ್ಕಿಂತ ಜಾಸ್ತಿ ಕೊಟ್ಟರೆ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ ಅದನ್ನು ಮೆಚ್ಚುಗೆಯಿಂದ ನೋಡುತ್ತದೆ, ಮೇಲಿನ ನಾಯಕರಿಗೂ ಸುದ್ದಿ ಮುಟ್ಟುತ್ತದೆ ಎಂದು ಅದೇ ಪತ್ರದಲ್ಲಿತ್ತು. ಟ್ರಂಪ್ ಬೆಂಬಲವನ್ನೇ ನಂಬಿದ ಅಭ್ಯರ್ಥಿಗೆ ಇದು ಒತ್ತಡವೇ ಅಲ್ವಾ?