ಬೇರೆ ತೆಗೆದಿಟ್ಟ ಕೇಸರಿಬಾತ್

ಮೊನ್ನೆ ಬೆಳಿಗ್ಗೆ ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗ್ರೂಪಿಗೆ ಒಂದು ಉದ್ದನೆಯ ಮೆಸೇಜ್ ಬಂತು. "ವಿಶ್ವಾಸಿಗಳು ಲೋಕದ ಹಬ್ಬಗಳಿಂದ ದೂರ ಇರಬೇಕು" ಅಂತ ಶುರು. ಪ್ರೇಮಿಗಳ ದಿನ, ಅಮ್ಮಂದಿರ ದಿನ, ಹುಟ್ಟುಹಬ್ಬದ ಕೇಕು ಎಲ್ಲಾ ಪಟ್ಟಿಯಲ್ಲಿದ್ದವು. ಕೊನೆಗೆ ನವೆಂಬರ್ 1ರ ರಾಜ್ಯೋತ್ಸವ. ಕೆಳಗೆ ಹನ್ನೆರಡು ಜನ ಆಮೆನ್ ಹಾಕಿದ್ದರು. ನಾನು ಹಾಕಲಿಲ್ಲ. ಅಲ್ಲೇ ವಾದಕ್ಕೆ ಇಳಿಯೋಣ ಅಂದರೆ ಗ್ರೂಪಿನಲ್ಲಿ ನಮ್ಮ ಅತ್ತೆಯೂ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಪೂಜೆ ಇಲ್ಲದ ಹಬ್ಬ ಅಂತ ನಮ್ಮ ದಾವಣಗೆರೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ರಾಜ್ಯೋತ್ಸವವನ್ನೇ ತೆಗೆದುಕೊಳ್ಳಿ. 1956ರ ನವೆಂಬರ್ 1ಕ್ಕೆ ಕನ್ನಡ ಮಾತಾಡುವ ಊರುಗಳು ಒಂದು ರಾಜ್ಯಕ್ಕೆ ಸೇರಿದವು. 1973ರಲ್ಲಿ ಅದೇ ದಿನ ಮೈಸೂರು ಅನ್ನೋ ಹೆಸರು ಹೋಗಿ ಕರ್ನಾಟಕ ಆಯಿತು. ಇಷ್ಟೇ ವಿಷಯ. ಆದರೆ ನಮ್ಮ ಬಡಾವಣೆಯ ಶಾಮಿಯಾನದಲ್ಲಿ ಬಾವುಟದ ಪಕ್ಕ ಭುವನೇಶ್ವರಿಯ ಫೋಟೋ ಇರುತ್ತದೆ. ಅದಕ್ಕೆ ಚೆಂಡು ಹೂವಿನ ಹಾರ, ಊದಿನಕಡ್ಡಿ, ಒಡೆದ ತೆಂಗಿನಕಾಯಿ. "ಇದು ಬರೀ ನಾಡಹಬ್ಬ, ಪೂಜೆ ಗೀಜೆ ಏನೂ ಇಲ್ಲ" ಅನ್ನುವವರು ಸುಳ್ಳು ಹೇಳುತ್ತಾರೆ. "ಇಡೀ ಕಾರ್ಯಕ್ರಮವೇ ವಿಗ್ರಹಾರಾಧನೆ" ಅನ್ನುವವರು ಒಂದು ವರ್ಷವೂ ಬಂದು ನೋಡಿದವರಲ್ಲ.

ನಾನು ಹೋದ ವರ್ಷ ಹೋಗಿದ್ದೆ. ಬಾವುಟ ಹಾರಿಸಿದರು, ನಾಡಗೀತೆ ಆಯಿತು, ಮೂಲೆ ಮನೆ ಮೇಷ್ಟ್ರು ಮೈಕ್ ಹಿಡಿದು ಬಿಡಲೇ ಇಲ್ಲ. ಆಮೇಲೆ ಮಂಗಳಾರತಿ ತಟ್ಟೆ ಬಂತು. ತಂದವರು ಎದುರು ಮನೆ ಅಕ್ಕ. ಒಬ್ಬೊಬ್ಬರ ಮುಂದೆ ನಿಲ್ಲಿಸುತ್ತಾ ನನ್ನ ಕಡೆಯೇ ಬರುತ್ತಿದ್ದರು. ನನಗೆ ಒಳಗೊಳಗೇ ಬೆವರು. ಕೈ ಒಡ್ಡಲಾ? ಫೋನ್ ಬಂದ ಹಾಗೆ ಮಾಡಿ ಆ ಕಡೆ ಹೋಗಲಾ? ಸುಮ್ನೆ ತಲೆ ಅಲ್ಲಾಡಿಸಿದರೆ ಬೇಜಾರು ಮಾಡಿಕೊಳ್ಳುತ್ತಾರಾ? ಇಷ್ಟು ಯೋಚನೆ ಮುಗಿಯೋ ಮೊದಲೇ ಅಕ್ಕ ನನ್ನ ಮುಂದೆ ತಟ್ಟೆಯನ್ನು ಒಂದು ಗೇಣು ಕೆಳಗಿಳಿಸಿದರು. ನನ್ನ ಮುಖವನ್ನೂ ನೋಡಲಿಲ್ಲ. ಹಾಗೇ ಪಕ್ಕದವರ ಕಡೆ ತಿರುಗಿಸಿಕೊಂಡು ಮುಂದೆ ಹೋದರು. ಯಾರಿಗೂ ಗೊತ್ತಾಗಲಿಲ್ಲ.

ಹತ್ತು ನಿಮಿಷ ಬಿಟ್ಟು ಕೇಸರಿಬಾತಿನ ದೊನ್ನೆ ಹಿಡಿದು ಬಂದರು. "ತಗಳ್ರಿ ಅಣ್ಣಾ, ಇದು ನೈವೇದ್ಯಕ್ಕೆ ಇಟ್ಟಿದ್ದಲ್ಲ. ನಿಮಗೆ ಅಂತ ಮೊದ್ಲೇ ಬೇರೆ ಡಬ್ಬಿಗೆ ತೆಗೆದಿಟ್ಟಿದ್ದೆ."

ಬೈಬಲ್ ಓದುವವರಿಗೆ ಈ ಮಾತು ಎಲ್ಲಿ ಹೋಗಿ ತಾಗುತ್ತದೆ ಅಂತ ಗೊತ್ತು. ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ, ಮೊದಲ ಕಾಲದ ಕ್ರೈಸ್ತ ಬೋಧಕ ಪೌಲ ಹೇಳುವುದು ಇದನ್ನೇ. ನಂಬದವರು ಯಾರಾದರೂ ಊಟಕ್ಕೆ ಕರೆದರೆ, ಹೋಗಬೇಕು ಅನಿಸಿದರೆ ಹೋಗಿ. ಬಡಿಸಿದ್ದನ್ನು ಎಲ್ಲಿಂದ ಬಂತು ಅಂತ ಕೆದಕದೆ ಊಟ ಮಾಡಿ. "ಇದು ವಿಗ್ರಹಕ್ಕೆ ಅರ್ಪಿಸಿದ್ದು" ಅಂತ ಯಾರಾದರೂ ಹೇಳಿದರೆ ಮಾತ್ರ, ಹೇಳಿದವನ ಸಲುವಾಗಿ ಬಿಡಿ. ಪೌಲ ಇಲ್ಲಿ ಹಬ್ಬಕ್ಕೆ ಅಥವಾ ದೇವಸ್ಥಾನಕ್ಕೆ ಹೋಗಿ ಅನ್ನುತ್ತಿಲ್ಲ, ಅದೇ ಅಧ್ಯಾಯದಲ್ಲಿ ವಿಗ್ರಹಾರಾಧನೆಯಿಂದ ಓಡಿಹೋಗಿ ಅಂತಲೂ ಇದೆ. ಆದರೆ ನೆರೆಯವರ ಊಟದ ಮನೆಯಿಂದ ಓಡಿಹೋಗಿ ಅಂದಿಲ್ಲ. ನಮ್ಮ ಅಕ್ಕ ಪೌಲನನ್ನು ಓದಿದವರಲ್ಲ. ಕೇಳುವ ಮೊದಲೇ "ಅರ್ಪಿಸಿದ್ದಲ್ಲ" ಅಂತ ಹೇಳಿ ನನ್ನ ಮನಸ್ಸಾಕ್ಷಿಯನ್ನು ಅವರೇ ಕಾಪಾಡಿದರು. ಅವತ್ತು ನಾನು ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ನಿಜ ಹೇಳಬೇಕಂದರೆ ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದಾ ಅನ್ನೋ ಕೊರಿಂಥದ ಪ್ರಶ್ನೆ ಅರ್ಥ ಆಗೋಕೆ ದಾವಣಗೆರೆಯಲ್ಲೇ ಹುಟ್ಟಬೇಕು. ಎರಡು ವರ್ಷಕ್ಕೊಮ್ಮೆ ಊರದೇವಿ ದುಗ್ಗಮ್ಮನ ಜಾತ್ರೆ ಬಂದಾಗ ಊರಿಗೆ ಊರೇ ಮಟನ್ ಸಾರಿನ ಘಮ. ನೆಂಟರು, ಗೆಳೆಯರು, ಜೊತೆಗೆ ಕೆಲಸ ಮಾಡುವವರು, ಎಲ್ಲರಿಗೂ ಊಟಕ್ಕೆ ಕರೆ. ಯಾವ ಮಾಂಸ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ನಮಗೆ ಪುಸ್ತಕದ ಪ್ರಶ್ನೆಯಲ್ಲ. ಎಲೆ ಮುಂದೆ ಕೂತಾಗಿನ ಪ್ರಶ್ನೆ. ಜಾತ್ರೆ ಊಟಕ್ಕೆ ನಾನು ಹೋಗುವುದಿಲ್ಲ, ಕರೆದವರಿಗೆ ಯಾಕೆ ಅಂತಲೂ ಹೇಳುತ್ತೇನೆ. ಅವರು ಮಾರನೇ ವಾರ ಬೆಣ್ಣೆ ದೋಸೆ ಕೊಡಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ನಮ್ಮ ಸಭೆಯಲ್ಲೇ ಹೋಗಿ ಉಂಡು ಬರುವವರಿದ್ದಾರೆ. ಅವರ ಭಕ್ತಿ ನನಗಿಂತ ಕಡಿಮೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಇನ್ನು ಮೆಸೇಜಿನ ಪಟ್ಟಿಯಲ್ಲಿ ಇಲ್ಲದ ಒಂದು ಹಬ್ಬ ಇದೆ, ಗಮನಿಸಿದಿರಾ? ಜನವರಿ 1. ಅದು ಬೈಬಲಿನಲ್ಲಿ ಎಲ್ಲೂ ಇಲ್ಲ. ರೋಮಿನವರ ಕ್ಯಾಲೆಂಡರಿನಿಂದ ಬಂದ ದಿನ. ಇಂಗ್ಲೆಂಡಿನಲ್ಲಂತೂ 1752ಕ್ಕಿಂತ ಮುಂಚೆ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದೇ ಮಾರ್ಚ್ 25ಕ್ಕೆ. ಆದರೂ ಡಿಸೆಂಬರ್ 31ರ ರಾತ್ರಿ ವಾಚ್ ನೈಟ್ ಆರಾಧನೆಗೆ ನಮ್ಮ ಚರ್ಚಿನಲ್ಲಿ ನಿಲ್ಲೋಕೆ ಜಾಗ ಇರುವುದಿಲ್ಲ. ಹನ್ನೆರಡು ಹೊಡೆದ ಕೂಡಲೇ ಎಲ್ಲರೂ ಕೈ ಕುಲುಕುತ್ತೇವೆ, ಪ್ಲಮ್ ಕೇಕ್ ತಿನ್ನುತ್ತೇವೆ. ನನಗೆ ವರ್ಷದಲ್ಲಿ ಬಹಳ ಇಷ್ಟವಾದ ರಾತ್ರಿ ಅದು, ಬಿಡಿ ಅಂತ ಹೇಳುತ್ತಿಲ್ಲ. ಕ್ರಿಸ್ಮಸ್ಸಿನ ಕಥೆಯೂ ಹೀಗೇ. ಡಿಸೆಂಬರ್ 25 ಅನ್ನೋ ತಾರೀಖು ಬೈಬಲಿನ ಸುವಾರ್ತೆಗಳಲ್ಲಿ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಲ್ಲಿ ಕಟ್ಟಾ ಕ್ರೈಸ್ತರೇ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕುವ ಕಾನೂನು ಮಾಡಿದ್ದರು. ಅಂದರೆ "ಲೋಕದ ಹಬ್ಬ" ಯಾವುದು ಅನ್ನೋ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. ನಮಗೆ ರೂಢಿಯಾದ ಹಬ್ಬ ಪವಿತ್ರ, ಪಕ್ಕದ ಮನೆಯವರಿಗೆ ರೂಢಿಯಾದದ್ದು ಲೋಕದ್ದು. ಇದು ನ್ಯಾಯ ಅಲ್ಲ, ಅಲ್ವಾ?

ಯೇಸುವೇ ಚಳಿಗಾಲದಲ್ಲಿ ದೇವಾಲಯದ ಪ್ರತಿಷ್ಠೆಯ ಹಬ್ಬದ ಹೊತ್ತಿಗೆ ಯೆರೂಸಲೇಮಿನಲ್ಲಿ ಓಡಾಡುತ್ತಿದ್ದ ಅಂತ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಮೋಶೆಯ ಧರ್ಮಶಾಸ್ತ್ರ ಹೇಳಿದ ಹಬ್ಬ ಅಲ್ಲ ಅದು. ಜನ ತಮ್ಮ ಇತಿಹಾಸ ನೆನೆಸಿಕೊಂಡು ಇಟ್ಟುಕೊಂಡದ್ದು. ನನಗಂತೂ ರಾಜ್ಯೋತ್ಸವಕ್ಕೆ ಇಷ್ಟು ಸಾಕು. (ಕ್ಯಾಥೋಲಿಕ್ ಗೆಳೆಯರಿಗೆ ನವೆಂಬರ್ 1 ಸಕಲ ಸಂತರ ಹಬ್ಬವೂ ಹೌದು. ಅವರು ಬೆಳಿಗ್ಗೆ ಪೂಜೆ ಮುಗಿಸಿ ನೇರ ಶಾಮಿಯಾನಕ್ಕೆ ಬರುತ್ತಾರೆ.) ಇನ್ನೊಂದು. ನಮ್ಮ ಸೀಮೆಯ ಶಾಸನಗಳನ್ನು ಹುಡುಕಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಬೆಂಗಳೂರಿನಲ್ಲಿ ಹುಟ್ಟಿದ ಮಿಷನರಿಯ ಮಗ. ಅದರ ಹನ್ನೊಂದನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು, ಆಗ ದಾವಣಗೆರೆಯೂ ಅದರಲ್ಲೇ ಇತ್ತು. ಕನ್ನಡದ ಹಬ್ಬ ನಮ್ಮದಲ್ಲ ಅಂತ ನಾವೇ ಯಾಕೆ ಹೇಳಬೇಕು?

ಹಾಗಂತ ನನಗೂ ಗೆರೆ ಇದೆ. ಏಳನೇ ಕ್ಲಾಸಿನ ಮಗಳನ್ನು ಈ ಸಲ ಮೆರವಣಿಗೆಗೆ ಭುವನೇಶ್ವರಿ ವೇಷಕ್ಕೆ ಆರಿಸಿದ್ದರು. ಕಿರೀಟ ಹಾಕಿ ಟ್ರ್ಯಾಕ್ಟರ್ ಮೇಲೆ ಕೂರಿಸುತ್ತಾರೆ, ದಾರಿಯುದ್ದಕ್ಕೂ ಜನ ಕೈ ಮುಗಿಯುತ್ತಾರೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮಗುವಿಗೆ ಯಾರಾದರೂ ದೇವಿ ಅಂತ ಕೈ ಮುಗಿದರೆ ಅದು ನಮಗೂ ಸರಿ ಅಲ್ಲ, ಭಕ್ತಿಯಿಂದ ಮುಗಿದವರಿಗೂ ಮೋಸ. ಟೀಚರ್ ಹತ್ತಿರ ಹೋಗಿ ಹೇಳಿದೆ. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ರಿಜಿಸ್ಟರಿನಿಂದ ತಲೆ ಎತ್ತದೇ, "ಹಾಗಿದ್ರೆ ಓಬವ್ವ ಮಾಡ್ಲಿ ಬಿಡ್ರಿ ಸರ್, ಒನಕೆ ನೀವೇ ತರಬೇಕು" ಅಂದರು. ಮಗಳಿಗೆ ಕಿರೀಟ ಹೋಯಿತು ಅಂತ ಅರ್ಧ ದಿನ ಕೋಪ. ಆಮೇಲೆ ಚಿತ್ರದುರ್ಗದ ಅಜ್ಜಿ ಮನೆಗೆ ಫೋನ್ ಮಾಡಿ, ಅಟ್ಟದ ಮೇಲಿದ್ದ ಒನಕೆ ಇಳಿಸೋಕೆ ಹೇಳಿದಳು. ಈಗ ಮನೆಯಲ್ಲಿ ಎಲ್ಲರ ಮೇಲೂ ಪ್ರಾಕ್ಟೀಸ್ ನಡೆದಿದೆ.

ನೆನ್ನೆ ಸಂಜೆ ಎದುರು ಮನೆ ಅಕ್ಕ ಗೇಟಿನ ಹತ್ತಿರ ನಿಂತು ಕೇಳಿದರು. "ಅಣ್ಣಾ, ಈ ಸಲ ಜನ ಜಾಸ್ತಿ. ನಿಮ್ಮ ಚರ್ಚಿಂದ ಒಂದು ನಲವತ್ತು ಕುರ್ಚಿ ಸಿಗ್ತಾವೇನು?"

ಸಿಗುತ್ತವೆ ಅಂದುಬಿಟ್ಟೆ. ಕುರ್ಚಿ ಇಟ್ಟಿರುವ ಕೋಣೆಯ ಕೀ ಇರುವುದು ಆ ಮೆಸೇಜ್ ಕಳಿಸಿದವರ ಹತ್ತಿರ. ಇವತ್ತು ಸಂಜೆ ಫೋನ್ ಮಾಡಬೇಕು.