ತೆರಿಗೆ ನಿರ್ಧರಿಸಬೇಕಾದದ್ದು ಸಂಸತ್ತು, ಇಲಾಖೆಯ ಪತ್ರವಲ್ಲ

ಯುರೋಪಿಯನ್ ಯೂನಿಯನ್‌ನಲ್ಲಿ ತೆರಿಗೆಯ ಮಾತು ಬಂದರೆ 27 ದೇಶಗಳೂ ಒಪ್ಪಲೇಬೇಕು. ಒಂದು ದೇಶ ಬೇಡ ಎಂದು ತಲೆ ಅಲ್ಲಾಡಿಸಿದರೂ ಪ್ರಸ್ತಾವ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಹಂತಹಂತವಾಗಿ ಬಹುಮತಕ್ಕೆ ಬದಲಾಯಿಸೋಣ ಎಂದು 2019ರಲ್ಲಿ ಯೂನಿಯನ್‌ನ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ಸೂಚಿಸಿದಾಗ ಐರ್ಲೆಂಡ್ ಸುತರಾಂ ಒಪ್ಪಲಿಲ್ಲ. ಡಬ್ಲಿನ್‌ನಲ್ಲಿ ದುಡಿದು ಇಲ್ಲೇ ತೆರಿಗೆ ಕಟ್ಟುವ ನಾನು ಈ ವಿಷಯದಲ್ಲಿ ಐರ್ಲೆಂಡ್ ಪರ. ತೆರಿಗೆ ಹಾಕಿದವರನ್ನು ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸುವ ಅವಕಾಶ ಜನರ ಕೈಯಲ್ಲಿರಬೇಕು. ಬ್ರಸೆಲ್ಸ್‌ನಲ್ಲಿ ಕೂತ ಕಮಿಷನರನ್ನು ಕಾರ್ಕ್ ನಗರದ ಮತದಾರ ಏನು ಮಾಡಲಾದೀತು?

2011ರ ಮಾರ್ಚ್ ನೆನಪಿಸಿಕೊಳ್ಳಿ. ಬ್ಯಾಂಕುಗಳು ಮುಳುಗಿ ದೇಶ 8,500 ಕೋಟಿ ಯೂರೊ ನೆರವಿನ ಮೇಲೆ ಉಸಿರಾಡುತ್ತಿತ್ತು. ಎಂಡಾ ಕೆನ್ನಿ ಪ್ರಧಾನಿಯಾಗಿ ಎರಡು ದಿನ ಆಗಿತ್ತು, ಅಷ್ಟೇ. ಮೊದಲ ಶೃಂಗಸಭೆಯಲ್ಲೇ ಫ್ರಾನ್ಸ್ ಅಧ್ಯಕ್ಷ ಸರ್ಕೋಜಿ ಮತ್ತು ಜರ್ಮನಿಯ ಚಾನ್ಸೆಲರ್ ಮರ್ಕೆಲ್ ಪಟ್ಟು ಹಿಡಿದರು: ಸಾಲದ ಬಡ್ಡಿ ಇಳಿಯಬೇಕಾದರೆ ನಿಮ್ಮ 12.5% ಕಂಪನಿ ತೆರಿಗೆಯ ವಿಷಯದಲ್ಲಿ ಬಗ್ಗಿ. ಕೆನ್ನಿ ಬಗ್ಗಲಿಲ್ಲ, ಬಡ್ಡಿ ಇಳಿಸಿಕೊಳ್ಳದೆಯೇ ವಾಪಸ್ಸಾದರು. ಅದೇ ಜುಲೈನಲ್ಲಿ ಬಡ್ಡಿ ಹೇಗೂ ಇಳಿಯಿತು, ತೆರಿಗೆ ಹಾಗೇ ಉಳಿಯಿತು. ಸಾಲದಲ್ಲಿರುವವನ ಕುತ್ತಿಗೆ ಹಿಡಿದು ಅವನ ಸಂಸತ್ತಿನ ಅಧಿಕಾರ ಕಿತ್ತುಕೊಳ್ಳುವುದನ್ನು ನಾನು ಎಂದೂ ಒಪ್ಪಲಾರೆ. ಕೆನ್ನಿ ಅಂದು ಮಾಡಿದ್ದು ಸರಿ.

ಆದರೆ ಅದೇ ವಾದವನ್ನು ಐರ್ಲೆಂಡ್ ಸರ್ಕಾರ ಆ್ಯಪಲ್ ಕಂಪನಿಯ ತೆರಿಗೆ ಪ್ರಕರಣಕ್ಕೂ ತಂದು ಹಚ್ಚಿತಲ್ಲ, ನನ್ನ ತಕರಾರು ಅಲ್ಲಿಂದ ಶುರು.

12.5% ಅನ್ನುವುದು ಸಂಸತ್ತು ಮಾಡಿದ ಕಾನೂನು. 2023ರವರೆಗೆ ಸಣ್ಣ ಅಂಗಡಿ ಕಂಪನಿಯ ವ್ಯಾಪಾರದ ಲಾಭಕ್ಕೂ ದೈತ್ಯ ಕಂಪನಿಯದ್ದಕ್ಕೂ ಒಂದೇ ದರವಿತ್ತು. ಆ್ಯಪಲ್‌ಗೆ 1991ರಲ್ಲಿ, ಮತ್ತೆ 2007ರಲ್ಲಿ ಸಿಕ್ಕಿದ್ದು ತೆರಿಗೆ ಇಲಾಖೆ ಕೊಟ್ಟ ಒಪ್ಪಿಗೆ ಪತ್ರ. ಅದರ ಬಲದಿಂದ ಬಹುಪಾಲು ಲಾಭ ಒಂದು 'ಮುಖ್ಯ ಕಚೇರಿ'ಯ ಲೆಕ್ಕಕ್ಕೆ ಹೋಯಿತು. ಆ ಕಚೇರಿಗೆ ನೌಕರರಿರಲಿಲ್ಲ, ಕಟ್ಟಡವಿರಲಿಲ್ಲ, ಅದು ಯಾವ ದೇಶದಲ್ಲೂ ಇರಲಿಲ್ಲ. ಕಮಿಷನ್ ಲೆಕ್ಕದ ಪ್ರಕಾರ 2014ರಲ್ಲಿ ಆ್ಯಪಲ್‌ನ ಐರಿಷ್ ಮಾರಾಟ ಘಟಕ ಕಟ್ಟಿದ ತೆರಿಗೆ 0.005%, ಅಂದರೆ ಹತ್ತು ಲಕ್ಷ ಯೂರೊ ಲಾಭಕ್ಕೆ ಐವತ್ತು ಯೂರೊ. ಇಲ್ಲಿ ಸಂಬಳದ ಚೀಟಿ ನೋಡಿದವರಿಗೆ ಗೊತ್ತು: 2025ರಲ್ಲಿ ಒಂಟಿ ನೌಕರನ ಸಂಬಳ ವರ್ಷಕ್ಕೆ 44,000 ಯೂರೊ ದಾಟಿತೆಂದರೆ ಮೇಲಿನದ್ದಕ್ಕೆ 40%, ಅದರ ಮೇಲೆ ಪಿಆರ್‌ಎಸ್‌ಐ (ಸಾಮಾಜಿಕ ವಿಮೆಯ ಕಂತು), ಯುಎಸ್‌ಸಿ (ಆದಾಯದ ಮೇಲಿನ ಇನ್ನೊಂದು ತೆರಿಗೆ) ಬೇರೆ. ನಮಗ್ಯಾರಿಗೂ ಅಂಥ ಪತ್ರ ಬರೆದುಕೊಡುವವರಿಲ್ಲ.

2016ರಲ್ಲಿ ಕಮಿಷನ್‌ನ ಸ್ಪರ್ಧಾ ನೀತಿಯ ಕಮಿಷನರ್ ಮಾರ್ಗ್ರೆತ ವೆಸ್ಟಾಗರ್ ಆ್ಯಪಲ್‌ನಿಂದ 1,300 ಕೋಟಿ ಯೂರೊ ವಸೂಲಿ ಮಾಡಿ ಎಂದಾಗ, ಆ ಹಣ ನಮಗೆ ಬೇಡ ಎಂದು ಸರ್ಕಾರ ಯೂನಿಯನ್‌ನ ಕೋರ್ಟಿಗೆ ಹೋಯಿತು. ಅನಿವಾಸಿ ಕಂಪನಿಗಳಿಗೆ ಆಗ ಇದ್ದ ಕಾನೂನೇ ಹಾಗೆ, ಯಾರಿಗೂ ವಿಶೇಷ ರಿಯಾಯಿತಿ ಕೊಟ್ಟಿಲ್ಲ ಎಂಬುದು ಅದರ ವಾದ. 2020ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದಿತು. 2024ರ ಸೆಪ್ಟೆಂಬರ್ 10ರಂದು ಕೊನೆಯ ತೀರ್ಪಿನಲ್ಲಿ ಸೋತಿತು. ಆ್ಯಪಲ್ 1980ರಿಂದ ಕಾರ್ಕ್‌ನಲ್ಲಿದೆ, ಸಾವಿರಾರು ಜನರಿಗೆ ಅನ್ನ ಕೊಟ್ಟಿದೆ. ನನ್ನಂಥ ಎಷ್ಟೋ ಕನ್ನಡಿಗರು ಈ ದೇಶಕ್ಕೆ ಬಂದದ್ದೂ ಇಂಥ ಕಂಪನಿಗಳ ದೆಸೆಯಿಂದಲೇ. ಅದನ್ನು ಮರೆತಿಲ್ಲ. ಆದರೂ ಮತದಾರನಿಗೆ ಕಾಣದಂತೆ ಕೊಟ್ಟ ಪತ್ರವನ್ನು ದೇಶದ ಸಾರ್ವಭೌಮತ್ವ ಎಂದು ಕರೆದರೆ, ಕೆನ್ನಿ ಹಟ ಹಿಡಿದು ಉಳಿಸಿಕೊಂಡದ್ದಕ್ಕೆ ಏನು ಬೆಲೆ?

ಬಡ್ಡಿ ಸೇರಿ ಸುಮಾರು 1,400 ಕೋಟಿ ಯೂರೊ ಈಗ ಸರ್ಕಾರದ ಪಾಲಿಗೆ ಬಂದಿದೆ. ಮನೆ, ನೀರು, ವಿದ್ಯುತ್, ಸಾರಿಗೆಗೆ ಬಳಸುತ್ತೇವೆ ಅನ್ನುತ್ತಿದ್ದಾರೆ. ಬಾಡಿಗೆ ಮನೆಗೆ ಸಾಲು ನಿಲ್ಲುವ ಈ ಊರಲ್ಲಿ ಮೊದಲು ಮನೆ ಕಟ್ಟಲಿ. ಜೊತೆಗೆ ಇನ್ನೊಂದು ಕೆಲಸ ಆಗಬೇಕು. ಇಂಥ ಪತ್ರಗಳ ವಿವರವನ್ನು ಯೂನಿಯನ್‌ನ ತೆರಿಗೆ ಇಲಾಖೆಗಳು 2017ರಿಂದ ಪರಸ್ಪರ ಹಂಚಿಕೊಳ್ಳುತ್ತಿವೆ. ಇಲಾಖೆಗಳು ನೋಡಬಹುದು, ಜನ ನೋಡುವಂತಿಲ್ಲ. ದೊಡ್ಡ ಕಂಪನಿಗಳಿಗೆ ಕೊಟ್ಟ ಪ್ರತಿಯೊಂದು ಪತ್ರವನ್ನೂ ಐರ್ಲೆಂಡ್ ತನ್ನ ಸಂಸತ್ತಿನ ಮುಂದಿಡಲಿ. ಅದಕ್ಕೆ ಬ್ರಸೆಲ್ಸ್ ಅಪ್ಪಣೆ ಕಾಯಬೇಕಿಲ್ಲ.