ಮೀನೆಣ್ಣೆಯ ಗುಣ ಕತ್ತರಿಸುವ ಮೇಜಿನ ಬಳಿಯೇ ನಿರ್ಧಾರವಾಗುತ್ತದೆ

ಒಮೇಗಾ-3 ಮಾತ್ರೆಗಳ ವಿಷಯ ಬಂದಾಗಲೆಲ್ಲ ಅವು ಹೃದಯಕ್ಕೆ ಒಳ್ಳೆಯವೋ ಅಲ್ಲವೋ ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ. ಆ ಮಾತ್ರೆಯೊಳಗಿನ ಎಣ್ಣೆ ಮೀನಿನ ಯಾವ ಭಾಗದ್ದು, ತೆಗೆಯುವಾಗ ಅದು ಯಾವ ಸ್ಥಿತಿಯಲ್ಲಿತ್ತು ಎಂದು ವಿಚಾರಿಸುವವರು ವಿರಳ.

ಇಪಿಎ ಮತ್ತು ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬಿನಾಮ್ಲಗಳು ಬಹುಪಾಲು ಸಮುದ್ರದ ಸೂಕ್ಷ್ಮಪಾಚಿಗಳಲ್ಲಿ ಹುಟ್ಟಿ, ಅವನ್ನು ತಿನ್ನುವ ಪುಟ್ಟ ಜೀವಿಗಳ ಮೂಲಕ ಮೀನಿನ ಮೈ ಸೇರುತ್ತವೆ. ಕಾಡ್ ಮೀನು ತನ್ನ ಕೊಬ್ಬನ್ನು ಮುಖ್ಯವಾಗಿ ಯಕೃತ್ತಿನಲ್ಲಿ ಕೂಡಿಡುತ್ತದೆ. ಟ್ಯೂನಾ ಮೀನಿನ ಕಣ್ಣುಗುಡ್ಡೆಯ ಹಿಂದಿರುವ ಕೊಬ್ಬಿನಲ್ಲಂತೂ ಡಿಎಚ್‌ಎ ಸಮೃದ್ಧವಾಗಿರುತ್ತದೆ. ಹೀಗಿದ್ದೂ ಮಾಂಸದ ಹೋಳುಗಳನ್ನು ತೆಗೆದುಕೊಂಡು ತಲೆ, ಕರುಳು, ಚರ್ಮ, ಮುಳ್ಳುಗಳನ್ನು ಬದಿಗೆ ತಳ್ಳುತ್ತೇವೆ. ಎಷ್ಟೋ ಜಾತಿಗಳಲ್ಲಿ ಇದು ಮೀನಿನ ತೂಕದ ಅರ್ಧದಷ್ಟಾಗುತ್ತದೆ. ಇನ್ನೊಂದೆಡೆ, ಪೆರು ದೇಶದ ಕರಾವಳಿಯಲ್ಲಿ ಆಂಚೋವಿ ಮೀನನ್ನು ಇಡಿಯಾಗಿ ಬೇಯಿಸಿ ಹಿಂಡಿ, ಪುಡಿ ಮತ್ತು ಎಣ್ಣೆ ಮಾಡಲಾಗುತ್ತದೆ. ಜಗತ್ತಿನ ಮೀನೆಣ್ಣೆಯ ಬಹುಭಾಗ ಸಾಕಿದ ಮೀನುಗಳ ಮೇವಿಗೇ ಹೋಗುತ್ತದೆ. ಇದಕ್ಕಾಗಿ ಹೊಸ ಮೀನು ಹಿಡಿಯುವ ಮೊದಲು, ಹಿಡಿದದ್ದರ ಉಳಿಕೆಯನ್ನು ಪೂರ್ತಿ ಬಳಸಬೇಕೆಂಬುದು ನನ್ನ ನಿಲುವು.

ಆದರೆ ಉಳಿಕೆಯಿಂದ ತೆಗೆದದ್ದೆಂಬ ಮಾತ್ರಕ್ಕೆ ಎಣ್ಣೆ ಒಳ್ಳೆಯದಾಗುವುದಿಲ್ಲ. ಡಿಎಚ್‌ಎ ಅಣುವಿನಲ್ಲಿ ಆರು ದ್ವಿಬಂಧಗಳಿದ್ದು, ಅವುಗಳ ನಡುವಿನ ಜಾಗಗಳಲ್ಲಿ ಆಮ್ಲಜನಕದ ದಾಳಿ ಸುಲಭ. ರಕ್ತದಲ್ಲಿರುವ ಕಬ್ಬಿಣವು ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಕರುಳಿನ ಕಿಣ್ವಗಳು ಕೊಬ್ಬನ್ನು ಒಡೆಯತೊಡಗುತ್ತವೆ. ಕತ್ತರಿಸುವ ಮೇಜಿನ ಪಕ್ಕದ ಡಬ್ಬಿಯಲ್ಲಿ ರಕ್ತ, ಕರುಳು, ತಲೆಗಳೆಲ್ಲ ಒಟ್ಟಿಗೆ ಬಿದ್ದು, ಐಸ್ ಕಾಣದೆ ಕೆಲವು ಗಂಟೆ ಕಳೆದರೆ, ತಿಳಿಹಳದಿಯಾಗಬೇಕಿದ್ದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಕಮಟು ಹಿಡಿಯುತ್ತದೆ. ಮಾಂಸದ ಹೋಳಿಗೆ ಸಿಗುವ ತಂಪು ಮತ್ತು ಶುಚಿ ಈ ಡಬ್ಬಿಗೂ ಸಿಗಬೇಕು.

ಕೆಟ್ಟ ಎಣ್ಣೆಯನ್ನು ಶುದ್ಧೀಕರಿಸಿ ವಾಸನೆ ತೆಗೆಯಬಹುದು ನಿಜ. ಆಗ, ಆಮ್ಲಜನಕದ ದಾಳಿಯಿಂದ ಮೊದಲು ಹುಟ್ಟುವ ವಸ್ತುಗಳನ್ನು ಅಳೆಯುವ ಪೆರಾಕ್ಸೈಡ್ ಮೌಲ್ಯವೂ ಇಳಿಯುವುದರಿಂದ ಅದೊಂದನ್ನೇ ನೋಡಿದವರು ಮೋಸ ಹೋಗುತ್ತಾರೆ. ಹಿಂದೆ ಆದ ಹಾನಿಯ ಗುರುತು, ಆ ವಸ್ತುಗಳು ಒಡೆದು ಉಂಟಾಗುವುದನ್ನು ಅಳೆಯುವ ಅನಿಸಿಡೀನ್ ಮೌಲ್ಯದಲ್ಲಿ ಉಳಿದಿರುತ್ತದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯ 2017ರ ಮಾನದಂಡವು ಸಾಮಾನ್ಯ ಮೀನೆಣ್ಣೆಗೆ ಪೆರಾಕ್ಸೈಡ್ ಮೌಲ್ಯ 5, ಅನಿಸಿಡೀನ್ ಮೌಲ್ಯ 20, ಎರಡನ್ನೂ ಕೂಡಿಸಿ ಲೆಕ್ಕ ಹಾಕುವ ಟೋಟಾಕ್ಸ್ 26 ಮೀರಬಾರದೆಂದು ಹೇಳುವುದು ಇದೇ ಕಾರಣಕ್ಕೆ. (ಮೊದಲನೆಯದನ್ನು ಇಮ್ಮಡಿಗೊಳಿಸಿ ಎರಡನೆಯದನ್ನು ಕೂಡಿದರೆ ಟೋಟಾಕ್ಸ್ ಸಿಗುತ್ತದೆ, ಇಷ್ಟು ಗಣಿತ ಗ್ರಾಹಕರಿಗೇನೂ ಭಾರವಲ್ಲ.) ಇಪಿಎ, ಡಿಎಚ್‌ಎ ಎಷ್ಟು ಮಿಲಿಗ್ರಾಂ ಇದೆಯೆಂದು ದಪ್ಪ ಅಕ್ಷರದಲ್ಲಿ ಮುದ್ರಿಸುವ ತಯಾರಕರು, ಈ ಮೂರು ಸಂಖ್ಯೆಗಳನ್ನೂ ಎಣ್ಣೆ ಇಡೀ ಮೀನಿನದೋ ಉಳಿಕೆಯದೋ ಎಂಬುದನ್ನೂ ಅದೇ ಚೀಟಿಯ ಮೇಲೆ ನಮೂದಿಸುವಂತೆ ನಿಯಮವಾಗಬೇಕು.